ಹಾಡಿನ ಡಬ್ಬಿಯೊಳಗೆ ಹಸಿದವರು

ಥರ್ಮಾಕೋಲು, ಹೊಸ ವಯರು, ಸುಗಂಧದ ಸಾಬೂನು, ಇವು ಮೂರೂ ಒಂದು ರಟ್ಟಿನ ಪೆಟ್ಟಿಗೆಯೊಳಗೆ ಕೆಲವು ದಿನ ಒಟ್ಟಿಗಿದ್ದರೆ ಒಂದು ವಾಸನೆ ಹುಟ್ಟುತ್ತದೆ. ಮೋಹನದಾಸನ ಮಟ್ಟಿಗೆ ಜಗತ್ತಿನಲ್ಲಿ ಕಣ್ಣು ಮುಚ್ಚಿ ನಂಬಬಹುದಾದದ್ದು ಅದೊಂದೇ. ಅವನು ಕಾಪುವಿನಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಪಕ್ಕದ ಕ್ರಿಸ್ತಾನರ ಮನೆಯ ಜುವಾಕಿಂ ಪೊರ್ಬುಗಳು ಬಹರೈನಿನಿಂದ ರಜೆಗೆ ಬಂದು, ಹಗ್ಗ ಬಿಗಿದ ಪೆಟ್ಟಿಗೆಯನ್ನು ಜಗಲಿಯಲ್ಲಿ ಬಿಚ್ಚಿದ್ದರು. ಟೇಪ್‌ರೆಕಾರ್ಡರ್ ಹೊರಗೆ ಬರುವ ಮೊದಲು ಆ ವಾಸನೆ ಹೊರಗೆ ಬಂತು. ಟೇಪ್‌ರೆಕಾರ್ಡರ್ ಮುಂದೆ ವರ್ಷಗಟ್ಟಲೆ ಕೆಡದೆ ಹಾಡಿತು. ಅಂದಿನಿಂದ ಮೋಹನದಾಸನದ್ದು ಒಂದೇ ಸಿದ್ಧಾಂತ: ಕರೆಂಟಿನ ಸಾಮಾನನ್ನು ಆರಿಸಬೇಕಾದದ್ದು ಕಣ್ಣಿನಿಂದಲ್ಲ, ಕಿವಿಯಿಂದಲೂ ಅಲ್ಲ, ಮೂಗಿನಿಂದ.

ಈ ಸಿದ್ಧಾಂತವನ್ನು ಅವನು ದುಬೈಗೂ ತಂದಿದ್ದ. ಜೆಬೆಲ್ ಅಲಿಯಲ್ಲಿ ಪೈಪು, ನಲ್ಲಿ ಮಾರುವ ಒಂದು ಕಂಪೆನಿಯ ಗೋದಾಮು ಅವನ ವಶದಲ್ಲಿತ್ತು. ಮನೆ ಡಿಸ್ಕವರಿ ಗಾರ್ಡನ್ಸಿನಲ್ಲಿ. ಪೈಪಿನ ವಿಷಯದಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಟಿವಿ, ಫೋನು, ಮಿಕ್ಸಿಗಳ ವಿಷಯದಲ್ಲಿ, ಯಾರೂ ಕೇಳದಿದ್ದರೂ, ಅವನು ಲಿಫ್ಟಿನಲ್ಲಿ ನಿಲ್ಲಿಸಿ ಸಲಹೆ ಕೊಡುತ್ತಿದ್ದ. ಎದುರು ಮನೆಯ ಮುಝಮ್ಮಿಲ್ ಅವನ ಮಾತು ಕೇಳಿ ಒಂದು ಟಿವಿ ತಂದಿದ್ದ. ಅದು ಏನೇ ತಿಳಿಸಬೇಕಾದರೂ ಚೀನೀ ಭಾಷೆಯಲ್ಲೇ ತಿಳಿಸುತ್ತಿತ್ತು.

"ವಾಸನೆ ಒಳ್ಳೆದಿತ್ತು ಮೋಹನಣ್ಣ, ಅದಕ್ಕೆ ಎರಡು ಮಾತಿಲ್ಲ," ಎನ್ನುತ್ತಿದ್ದ ಮುಝಮ್ಮಿಲ್. ಅವನು ಮಂಗಳೂರಿನ ಬ್ಯಾರಿ, ಸಂಭಾವಿತ. ಅದಕ್ಕಿಂತ ಹೆಚ್ಚು ಹೇಳುವವನಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಮೋಹನದಾಸನ ತಾಯಿ ಜಲಜಾಕ್ಷಿ ವಿಸಿಟ್ ವೀಸಾದಲ್ಲಿ ಬಂದರು. ಬಾ ಬಾ ಎಂದು ಅವನು ಅದೆಷ್ಟೋ ವರ್ಷದಿಂದ ಕರೆದಿದ್ದ. ವೀಸಾ ಮುಗಿಯುವವರೆಗೂ ಅಮ್ಮ ತನ್ನ ಮನೆಯಲ್ಲಿ ಇರಬೇಕು, ಇದ್ದು ಸಂತೋಷಪಡಬೇಕು, ಊರಿಗೆ ಹೋಗಿ ನಾಲ್ಕು ಜನರ ಹತ್ತಿರ ಹೇಳಬೇಕು; ಅವನಿಗೆ ಬೇಕಾದದ್ದು ಇಷ್ಟೇ. ಆದರೆ ಎರಡನೆಯ ವಾರಕ್ಕೇ ಅಮ್ಮ ಟಿಕೇಟಿನ ಮಾತು ಎತ್ತಿದರು.

"ಬಾವಿಯ ಪಂಪು ಸ್ವಲ್ಪ ಶಬ್ದ ಮಾಡ್ತಿತ್ತು ಮಗ. ನಾನು ಹೋಗಿ ನೋಡದಿದ್ದರೆ ಆಗುವುದಿಲ್ಲ."

ಪಂಪನ್ನು ನೋಡಲು ಊರಿನಲ್ಲಿ ಭಾವ ಲತೇಶ್ ಇದ್ದಾನೆ ಎಂದಾಯಿತು. ಮರುದಿನ ಪಂಪು ಹೋಗಿ ತೆಂಗಿನಕಾಯಿ ಬಂತು. ಅದರ ಮರುದಿನ ಮಹಿಳಾ ಮಂಡಳಿಯ ಸಭೆ.

"ಅತ್ತೆಗೆ ಬೇಸರ ಬರ್ತದೆ," ಎಂದಳು ಹೆಂಡತಿ ರಾಜೀವಿ. ಅವಳಿಗೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. "ನಾವಿಬ್ಬರೂ ಹೋಗ್ತೇವೆ, ದೀಕ್ಷಿತಾ ಶಾಲೆಗೆ ಹೋಗ್ತಾಳೆ. ಹಗಲಿಡೀ ಒಬ್ಬರೇ ಎಂತ ಮಾಡುವುದು?"

ಹಗಲು ಆ ಮನೆ ನಿಜಕ್ಕೂ ಸ್ವಲ್ಪ ಹೆದರಿಸುವಂತಿತ್ತು. ಆ ಬಡಾವಣೆಯ ಕಟ್ಟಡಗಳೆಲ್ಲ ಒಂದೇ ಅಚ್ಚಿನವು. ಆ ತಿಂಗಳು ದಿನವೂ ಬೆಳಿಗ್ಗೆ ಮಂಜು ಇಳಿಯುತ್ತಿತ್ತು; ಬಾಲ್ಕನಿಯಲ್ಲಿ ನಿಂತರೆ ಎದುರಿನ ಕಟ್ಟಡವಿದ್ದ ಜಾಗದಲ್ಲಿ ಬರೀ ಬಿಳಿ. ಹೊರಗಿನ ಪ್ಯಾಸೇಜಿನಲ್ಲಿ ಯಾರಾದರೂ ನಡೆದರೆ ದೀಪ ತಾನೇ ಹತ್ತಿಕೊಳ್ಳುವ ವ್ಯವಸ್ಥೆಯಿತ್ತು. ಕೆಲವೊಮ್ಮೆ ಯಾರೂ ನಡೆಯದಿದ್ದರೂ ಹತ್ತಿಕೊಳ್ಳುತ್ತಿತ್ತು. ಗೋಡೆಯೊಳಗೆ ಎಲ್ಲೋ ತಂಪು ಗಾಳಿಯ ಕೊಳವೆ ಸಣ್ಣಗೆ ನರಳುತ್ತಿತ್ತು.

"ಅಮ್ಮನಿಗೆ ಒಂದು ಹಾಡಿನ ಡಬ್ಬಿ ತರ್ತೇನೆ," ಎಂದ ಮೋಹನದಾಸ. "ಭಜನೆ ತುಂಬಿಸಿ ಕೊಟ್ಟರೆ ಪಂಪೂ ಇಲ್ಲ, ಮಂಡಳಿಯೂ ಇಲ್ಲ."

ಕಂಪೆನಿಯ ಕೆಲಸದ ಮೇಲೆ ಅಬುಧಾಬಿಗೆ ಹೋದವನು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಇಳಿದ. ಅಂಗಡಿಯ ಮಲಯಾಳಿ ಹುಡುಗ ಅಂಗೈಯಗಲದ, ಬೆರಳುದ್ದದ, ಲೈಟರಿನಂಥ, ಪದಕದಂಥ ಎಂಪಿತ್ರೀ ಪ್ಲೇಯರುಗಳನ್ನೆಲ್ಲ ಗಾಜಿನ ಮೇಲೆ ಹರಡಿದ.

"ಸರ್, ಇದರಲ್ಲಿ ರೇಡಿಯೋ ಉಂಟು, ರೆಕಾರ್ಡಿಂಗ್ ಉಂಟು, ಮೆಮೊರಿ ಜಾಸ್ತಿ."

"ಪೆಟ್ಟಿಗೆ ಎಲ್ಲಿ?"

"ಸರ್?"

"ಇದು ಬಂದ ಪೆಟ್ಟಿಗೆ. ಸೀಲ್ ಬಿಚ್ಚಿ."

ಹುಡುಗ ಬಿಚ್ಚಿದ. ಮೋಹನದಾಸ ಪೆಟ್ಟಿಗೆಯೊಳಗೆ ಮೂಗು ಇಳಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡು, ತಲೆಯಾಡಿಸಿ ಪಕ್ಕಕ್ಕಿಟ್ಟ. ಇನ್ನೊಂದು. ಮತ್ತೊಂದು.

"ಸರ್," ಎಂದ ಹುಡುಗ ಮೆಲ್ಲಗೆ, "ಅತ್ತರಿನ ಅಂಗಡಿ ಪಕ್ಕದ್ದು."

ಅಷ್ಟರಲ್ಲಿ ಬಿಳಿಯ ನಿಲುವಂಗಿ ತೊಟ್ಟ ಒಬ್ಬ ಅರಬ್ ಹಿರಿಯರು ಬಂದು ನಿಂತಿದ್ದರು. ಅವರು ಈ ಪರೀಕ್ಷೆಯನ್ನು ಗಂಭೀರವಾಗಿ ನೋಡಿದರು. ಮೋಹನದಾಸ ಕೊನೆಗೆ ಒಂದು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡಾಗ ಅವರೂ ಅದೇ ಜಾತಿಯ ಒಂದನ್ನು ಎತ್ತಿ, ಮೂಸಿ, "ಝೈನ್, ಝೈನ್" ಎಂದು ಅರಬಿಯಲ್ಲಿ ಮೆಚ್ಚಿ, ತಾವೂ ಒಂದು ಕಟ್ಟಿಸಿಕೊಂಡರು. ಮೋಹನದಾಸನ ಜೀವಮಾನದಲ್ಲಿ ಅವನ ಸಿದ್ಧಾಂತಕ್ಕೆ ದೊರೆತ ಏಕೈಕ ಶಿಷ್ಯ ಅವರು. ಪರದೇಶದಲ್ಲಿ ಇಂಥ ಸಣ್ಣ ದಾಕ್ಷಿಣ್ಯಗಳು ಮನುಷ್ಯನನ್ನು ಬಹಳ ದೂರ ನಡೆಸುತ್ತವೆ.

ಆ ಸಂಭ್ರಮದಲ್ಲಿ ಅವನು ಜೊತೆಗೆ ಬಂದ ಪುಸ್ತಕವನ್ನು ಓದಲಿಲ್ಲ. ಓದುವುದು ಗೊತ್ತಿಲ್ಲದವರ ಕೆಲಸ. ಅಮ್ಮನನ್ನು ಸೋಫಾದಲ್ಲಿ ಕೂರಿಸಿ, ಡಬ್ಬಿಯನ್ನು ದಾರದಲ್ಲಿ ಅವರ ಕೊರಳಿಗೆ ತೊಡಿಸಿ, ಪಾಠ ಮಾಡಿದ.

"ಅಮ್ಮ, ಈ ಕೆಂಪು ಚುಕ್ಕಿಯ ಗುಂಡಿ ಒತ್ತಿದರೆ ಆನ್. ಮತ್ತೆ ಈ ಮೂರು ಮೂಲೆಯದ್ದು ಒತ್ತಿದರೆ ಹಾಡ್ತದೆ."

"ಕೆಂಪು ಒತ್ತಿದ ಕೂಡಲೇ ಹಾಡುವುದಿಲ್ಲವಾ?"

"ಇಲ್ಲ. ಕೆಂಪು ಮೊದಲು, ಮೂಲೆ ಆಮೇಲೆ."

"ಹಾಗಾದರೆ ಬಿಸಿಯಾಗಬೇಕು," ಎಂದರು ಜಲಜಾಕ್ಷಿ. ಅವರ ತಂದೆಯ ಮನೆಯಲ್ಲಿ ಒಂದು ಹಳೆಯ ವಾಲ್ವ್ ರೇಡಿಯೋ ಇತ್ತು. ಅದನ್ನು ಹಾಕಿ, ಅದು ಬಿಸಿಯಾಗುವವರೆಗೆ ಎದುರು ಕುಳಿತು ಕಾಯಬೇಕಿತ್ತು. ಕಾಯದೆ ತಿರುಗಿಸಿದವರಿಗೆ ಪೆಟ್ಟು ಬೀಳುತ್ತಿತ್ತು.

ಬದಿಯಲ್ಲಿ ಇನ್ನೊಂದು ಸಣ್ಣ ಗುಂಡಿಯಿತ್ತು. ಅದು ಏನೆಂದು ರಾಜೀವಿ ಕೇಳಿದಾಗ ಮೋಹನದಾಸ ಅದನ್ನು ಒಮ್ಮೆ ಒತ್ತಿ, "ಬೇಸ್. ದನಿ ದಪ್ಪ ಮಾಡುವುದು," ಎಂದ. ಯಾರೂ ಮರುಪ್ರಶ್ನೆ ಹಾಕಲಿಲ್ಲ.

ಒಂದು ವಾರ ಎಲ್ಲ ಚೆನ್ನಾಗಿತ್ತು. ಸಂಜೆ ಮನೆಗೆ ಬಂದರೆ ಅಮ್ಮನ ಎದೆಯ ಮೇಲೆ ತಾಳ ಮೃದಂಗ ಕೇಳುತ್ತಿತ್ತು. ಟಿಕೇಟಿನ ಮಾತು ಮಾತ್ರ ನಿಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ, ಶಬ್ದ ಸರಿಯಾಗಿ ಬರುತ್ತಿಲ್ಲವೇನೋ ಎಂಬ ಅನುಮಾನ ಬಂದು, ಪರೀಕ್ಷೆಗೆಂದು ಮೋಹನದಾಸ ಡಬ್ಬಿಯಲ್ಲಿದ್ದದ್ದೆಲ್ಲ ಕಲಸಿ ಹಾಡುವ ಹಾಗೆ ಮಾಡಿ, ಅದನ್ನು ಜೇಬಿಗೆ ಹಾಕಿ, ತಂತಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ವಾಕಿಂಗಿಗೆ ಇಳಿದ.

ಮಂಜು ಆ ದಿನ ಹಿಟ್ಟು ಚೆಲ್ಲಿದ ಹಾಗಿತ್ತು. ಮರಗಳ ಬುಡ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಕಿವಿಯಲ್ಲಿ ಭಜನೆಯೊಂದು ಮುಗಿಯಿತು. ಒಂದು ಕ್ಷಣ ಮೌನ. ಆಮೇಲೆ ಯಾರೋ ಉಸಿರು ಬಿಟ್ಟರು.

ಮೋಹನದಾಸ ಹಿಂದೆ ನೋಡಿದ. ಯಾರೂ ಇರಲಿಲ್ಲ.

"ಯಾರೂ... ಇಲ್ಲ..." ಎಂದಿತು ಒಂದು ಧ್ವನಿ. ಗಂಡಸಿನದ್ದೂ ಅಲ್ಲ, ಹೆಂಗಸಿನದ್ದೂ ಅಲ್ಲ. ಬಾವಿಯ ತಳದಿಂದ ಯಾರೋ ಕಲ್ಲು ಎಳೆದ ಹಾಗೆ. ಭಾಷೆ ಮಾತ್ರ ಶುದ್ಧ ತುಳು. "ಬಾಗಿಲೆಲ್ಲ... ಹಾಕಿದ್ದಾರೆ..." ಮತ್ತೆ ದೀರ್ಘ ಉಸಿರು. ಮತ್ತೆ, ಬಲಗಿವಿಯೊಳಗೇ ತುಟಿಯಿಟ್ಟ ಹಾಗೆ: "ಬ...ಡಾ...ಪುಂ...ಡು..."

ಹಸಿವಾಗುತ್ತದೆ, ಎಂದು ಅರ್ಥ.

ಮೋಹನದಾಸ ಓಡಿದನೆಂದು ಹೇಳುವುದು ಅವನಿಗೆ ಅನ್ಯಾಯ. ಅವನು ಬೇಗ ನಡೆದ. ನೆಲ ಮುಟ್ಟದೆ ನಡೆದ, ಅಷ್ಟೇ. ಲಿಫ್ಟು ಹತ್ತಿ ತನ್ನ ಮನೆಯ ಗಂಟೆ ಒತ್ತಿದ. ತಲೆಗೆ ಟವೆಲು ಸುತ್ತಿದ ಈಜಿಪ್ಟಿನ ಹೆಂಗಸೊಬ್ಬಳು ಬಾಗಿಲು ತೆರೆದಳು. ರಾಜೀವಿ ಎಲ್ಲಿ ಎಂದು ಅವನು ಕೇಳಿದ. ಅವಳು ಅವನ ಮುಖವನ್ನೊಮ್ಮೆ ನೋಡಿ, ಬೈಯುವುದನ್ನು ಬಿಟ್ಟು, ಒಂದು ಲೋಟ ನೀರು ತಂದು ಕೊಟ್ಟು, "ಯುವರ್ ಬಿಲ್ಡಿಂಗ್, ನೆಕ್ಸ್ಟ್," ಎಂದು ಬೆರಳು ತೋರಿಸಿದಳು. ಅವಳಿಗೆ ಇದು ಹೊಸದಲ್ಲವೆಂದು ಕಾಣುತ್ತದೆ. ಮಂಜಿನ ದಿನ ಆ ಬಡಾವಣೆಯಲ್ಲಿ ಗಂಡಂದಿರು ಹೀಗೆ ಅತ್ತಿತ್ತ ಆಗುತ್ತಿದ್ದರು.

ಮನೆಯಲ್ಲಿ ತಂತಿ ಕಿತ್ತು, ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು, ಎಲ್ಲರೂ ಸುತ್ತ ಕುಳಿತರು. ಡಬ್ಬಿಗೆ ಸ್ವಂತದ್ದೊಂದು ಪುಟ್ಟ ಸ್ಪೀಕರ್ ಇತ್ತು. ಭಜನೆ ಮುಗಿಯಿತು. ಉಸಿರು ಬಂತು. ಧ್ವನಿ ಬಂತು.

"ಇಟ್ಸ್ ಸೋ ಕ್ರೀಪಿ, ಪಪ್ಪಾ," ಎಂದು ದೀಕ್ಷಿತಾ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡಳು.

"ಯಾವುದೋ ನಾಟಕದ ಕ್ಯಾಸೆಟ್ಟಿನದ್ದು ಸೇರಿರಬೇಕು," ಎಂದಳು ರಾಜೀವಿ. ಹೇಳುತ್ತಾ ಅಡಿಗೆಮನೆಯ ಬಾಗಿಲು ಮುಚ್ಚಿದಳು.

ಜಲಜಾಕ್ಷಿ ಮಾತ್ರ ಹೆದರಲಿಲ್ಲ. ತಲೆ ಓರೆ ಮಾಡಿ, ಪಕ್ಕದ ಮನೆಯವರ ಕಷ್ಟ ಕೇಳುವ ಹಾಗೆ ಕೇಳಿದರು. ಕೊನೆಗೆ "ಪಾಪ," ಎಂದರು. "ಹಸಿದು ಹೋದ ಜೀವ ಇದು. ಕುಲೆ."

"ಅಮ್ಮ, ದುಬೈಯಲ್ಲಿ ಕುಲೆ ಎಲ್ಲಿಂದ?"

"ಮಾತಾಡುವ ಕ್ರಮ ನೋಡು, ನಮ್ಮ ಕಡೆಯದ್ದೇ. ಬದುಕಿದ್ದವರು ಎಲ್ಲ ಇಲ್ಲಿಗೆ ಬರುವಾಗ ಸತ್ತವರು ಬರಬಾರದಾ? ಯಾರಿಗೂ ಹೇಳದೆ ಹಸಿವು ನುಂಗಿಕೊಂಡು ಹೋದದ್ದು ಅಂತ ಕಾಣ್ತದೆ." ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಆಮೇಲೆ ಅವರು ಕೊರಳಿನ ದಾರ ಸರಿಪಡಿಸಿಕೊಳ್ಳುವ ಅಭ್ಯಾಸದಲ್ಲಿ ಬರಿಗೊರಳು ಮುಟ್ಟಿಕೊಂಡು ಹೇಳಿದರು: "ಮಗ, ಹಸಿದವರಿಗೆ ಬಡಿಸದ ಮನೆಯಲ್ಲಿ ನಾನು ನಿಲ್ಲುವುದಿಲ್ಲ. ನನಗೆ ಟಿಕೇಟು ಮಾಡು."

ಪಂಪಿಗೆ ಉತ್ತರವಿತ್ತು, ತೆಂಗಿನಕಾಯಿಗೆ ಉತ್ತರವಿತ್ತು. ಇದಕ್ಕೆ ಉತ್ತರವನ್ನು ಮೋಹನದಾಸ ಊರಿನಿಂದಲೇ ತರಿಸಬೇಕಾಯಿತು. ಅವನು ಭಾವ ಲತೇಶನಿಗೆ ಫೋನು ಮಾಡಿದ. ಲತೇಶ್ ಪಡುಬಿದ್ರಿಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಆದರೆ ಇಂಥ ವಿಷಯದಲ್ಲಿ ಅವನಿಗೆ ಎಲ್ಲರ ಪರಿಚಯವೂ ಇತ್ತು. ಯಾರನ್ನೋ ಕೇಳಿ, ತಿರುಗಿ ಫೋನು ಮಾಡಿದ.

"ಭಾವ, ಒಂದು ಪ್ರಶ್ನೆ. ಆ ಪೆಟ್ಟಿಗೆಯ ಸೀಲು ಮೊದಲೇ ಒಡೆದಿತ್ತಾ?"

"ಇಲ್ಲ. ನಾನೇ ಬಿಚ್ಚಿಸಿದ್ದು. ವಾಸನೆ ನೋಡಲಿಕ್ಕೆ."

"ಎಷ್ಟು ಹೊತ್ತು ಬಾಯಿ ತೆರೆದಿಟ್ಟಿದ್ದಿರಿ?"

"ಒಂದು ಸಲ ಮೂಸುವಷ್ಟು."

"ಸಾಕು. ಅಷ್ಟು ಸಾಕು ಭಾವ. ಒಳಗೆ ಹೋಗಲಿಕ್ಕೆ ಅದಕ್ಕೆ ಎಂತ ಸೂಟ್‌ಕೇಸ್ ಉಂಟಾ?" ಲತೇಶ್ ಕ್ರಮ ಹೇಳಿದ: ಎಲೆ ಹಾಕಿ ಬಡಿಸಬೇಕು, ಡಬ್ಬಿಯನ್ನು ಎಲೆಯ ಪಕ್ಕದಲ್ಲಿ ತೆರೆದಿಡಬೇಕು, ಬಾಗಿಲು ಹಾಕಿ ಎಲ್ಲರೂ ಹೊರಗೆ ಮಾತಾಡದೆ ನಿಲ್ಲಬೇಕು.

"ಡಬ್ಬಿ ತೆರೆಯುವುದೆಂದರೆ?"

"ಆನ್ ಮಾಡಿ ಮಾರಾಯ್ರೆ."

ಶನಿವಾರ ಸಂಜೆಗೆ ನಿಶ್ಚಯವಾಯಿತು. ಕರಾಮಾ ಮಾರ್ಕೆಟ್ಟಿನಿಂದ ಬಾಳೆಲೆ ಬಂತು. ಕೋಳಿ ಬಂತು, ರೊಟ್ಟಿ ಬಂತು, ಬಂಗುಡೆ ಬಂತು. ಎಲೆಯ ಪಕ್ಕದಲ್ಲಿ ಇಡಬೇಕಾದ ಶೇಂದಿಗೆ ಏನು ಮಾಡುವುದೆಂಬುದು ದೊಡ್ಡ ತೊಡಕಾಯಿತು. ಕಡೆಗೆ ಮೋಹನದಾಸ ಮದ್ಯವಿಲ್ಲದ ಮಾಲ್ಟ್ ಪಾನೀಯದ ಒಂದು ಡಬ್ಬ ತಂದ. ಅಮ್ಮ ಅದನ್ನು ಲೋಟಕ್ಕೆ ಹೊಯ್ದು ನೋಡಿ, "ನೊರೆ ಬರ್ತದಲ್ಲ, ಸಾಕು. ಪರದೇಶ ಅಂತ ಅದಕ್ಕೂ ಗೊತ್ತುಂಟು," ಎಂದು ಒಪ್ಪಿದರು.

ಒಪ್ಪದಿದ್ದದ್ದು ಅನ್ನವನ್ನು.

"ರಾಜೀವಿ, ಇದು ಬಾಸ್ಮತಿ ಅಲ್ವಾ. ಕುಲೆಗೆ ಕುಚ್ಚಲಕ್ಕಿಯೇ ಆಗಬೇಕು."

"ಅತ್ತೆ, ನಮ್ಮಲ್ಲಿ ಕುಚ್ಚಲಕ್ಕಿ ತರುವುದು ಬಿಟ್ಟು ವರ್ಷಗಳಾಯ್ತು. ದೀಕ್ಷಿತಾ ತಿನ್ನುವುದಿಲ್ಲ, ಬೇಯಲಿಕ್ಕೂ ತುಂಬ ಹೊತ್ತು. ಇದು ಒಳ್ಳೆ ಅಕ್ಕಿಯೇ."

"ಒಳ್ಳೆದೇ. ನಾನು ಒಳ್ಳೆದಲ್ಲ ಅಂತ ಹೇಳಿದೆನಾ?" ಎಂದು ಜಲಜಾಕ್ಷಿ ತಕ್ಷಣ ಹಿಂದೆ ಸರಿದರು. "ಸತ್ತವರಿಗಾದರೂ ಅವರ ಅನ್ನ ಸಿಗಲಿ ಅಂತ ಹೇಳಿದ್ದು. ಬಿಡು ಮಗಳೇ."

ಅಮ್ಮ ಮಲಗುತ್ತಿದ್ದ ಕೋಣೆಯ ನೆಲ ಒರೆಸಿ, ಎಲೆ ಹಾಕಿ, ಎಲ್ಲ ಬಡಿಸಿದರು. ಸಾಂಬ್ರಾಣಿಯ ಹೊಗೆ ತುಸು ಹೆಚ್ಚಾಗಿ ಛಾವಣಿಯ ಹೊಗೆಗಂಟೆ ಕೂಗುವ ಸೂಚನೆ ಕಂಡದ್ದರಿಂದ ಹೊರಬಾಗಿಲನ್ನು ಹಾರುಹೊಡೆದಿಟ್ಟರು. ಹೊಗೆ ಪ್ಯಾಸೇಜಿಗೆ ಹೊರಟಿತು. ದೀಪ ತಾನೇ ಹತ್ತಿಕೊಂಡಿತು. ಹಿಂದೆಯೇ ಪೇಶಾವರದ ವಾಚ್‌ಮನ್ ಬಂದ.

"ಸಾಬ್, ಕ್ಯಾ ಜಲ್ ರಹಾ ಹೈ?"

ಮೋಹನದಾಸ ತುಟಿಯ ಮೇಲೆ ಬೆರಳಿಟ್ಟ. ಎದುರು ಮನೆಯಿಂದ ಮುಝಮ್ಮಿಲ್, ಅವನ ಹೆಂಡತಿ ಫರ್ಝಾನ, ಇಬ್ಬರೂ ಬಂದರು.

"ಎಂತಾಯ್ತು ರಾಜೀವಿಯಕ್ಕ?" ಎಂದಳು ಫರ್ಝಾನ ಪಿಸುದನಿಯಲ್ಲಿ.

"ಒಬ್ಬರಿಗೆ ಬಡಿಸಿದ್ದೇವೆ."

"ಯಾರಿಗೆ?"

"ಅದೇ ಗೊತ್ತಿಲ್ಲ."

ಹಸಿದ ಕುಲೆಯ ವಿಷಯವನ್ನು ಮೋಹನದಾಸ ಮುಝಮ್ಮಿಲನ ಕಿವಿಯಲ್ಲಿ ಸಂಕ್ಷಿಪ್ತವಾಗಿ ಹೇಳಿದ. ಮುಝಮ್ಮಿಲ್ ಸ್ವಲ್ಪ ಯೋಚಿಸಿ, "ಟಿವಿಯಲ್ಲಿ ಇಷ್ಟು ತೊಂದರೆ ಇರಲಿಲ್ಲ ಮೋಹನಣ್ಣ," ಎಂದು, ಚಪ್ಪಲಿ ಕಳಚಿಟ್ಟು, ತಾನೂ ಕೈಕಟ್ಟಿ ನಿಂತ.

ಮೋಹನದಾಸ ಒಬ್ಬನೇ ಒಳಗೆ ಹೋದ. ಡಬ್ಬಿಯನ್ನು ಎಲೆಯ ತುದಿಗಿಟ್ಟು ಆನ್ ಮಾಡಬೇಕಾದರೆ ಅವಸರದಲ್ಲಿ ಯಾವ ಯಾವ ಗುಂಡಿ ಒತ್ತಿಹೋಯಿತೋ ಅವನಿಗೇ ಗೊತ್ತಿಲ್ಲ. ಭಜನೆ ಶುರುವಾದದ್ದೇ ಹಿಂದುಹಿಂದಕ್ಕೆ ನಡೆದು ಬಂದು, ಬಾಗಿಲೆಳೆದುಕೊಂಡ.

ಎಲ್ಲರೂ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತರು. ಒಳಗೆ ಭಜನೆ ಮುಗಿಯಿತು. ಗೋಡೆಯೊಳಗಿನ ಕೊಳವೆಯೂ ಆಗಲೇ ನರಳುವುದನ್ನು ನಿಲ್ಲಿಸಬೇಕೇ? ಪ್ಯಾಸೇಜಿನ ದೀಪ ಆರಿತು. ಬಾಗಿಲಿನ ಆಚೆ ಯಾರೋ ಉಸಿರು ಬಿಟ್ಟರು.

"ಯಾರೂ ಇಲ್ಲ. ಬಾಗಿಲೆಲ್ಲ ಹಾಕಿದ್ದಾರೆ. ಬಡಾಪುಂಡು," ಎಂದಿತು ಧ್ವನಿ.

ಈ ಸಲ ಅದು ಬಾವಿಯ ತಳದಿಂದ ಬರಲಿಲ್ಲ. ಪಕ್ಕದ ಕೋಣೆಯಿಂದ ಬಂತು; ಸರಿಯಾದ ವೇಗದಲ್ಲಿ, ಸ್ವಲ್ಪ ಕಫ ಕಟ್ಟಿದ ಗಂಟಲಿನಲ್ಲಿ. ಅದು ಜಲಜಾಕ್ಷಿಯವರ ಧ್ವನಿಯಾಗಿತ್ತು.

ಜಲಜಾಕ್ಷಿಯವರೋ ಹೊರಗೆ, ಸೋಫಾದ ಪಕ್ಕದಲ್ಲಿ, ಕೈಮುಗಿದು ನಿಂತಿದ್ದರು. ಅವರ ತುಟಿ ಅಲ್ಲಾಡಿರಲಿಲ್ಲ.

ಒಂದು ಗಳಿಗೆ ಮೋಹನದಾಸನಿಗೆ ಒಳಗಿನ ಅಮ್ಮ ನಿಜವೋ ಹೊರಗಿನ ಅಮ್ಮ ನಿಜವೋ ತಿಳಿಯಲಿಲ್ಲ. ವಾಚ್‌ಮನ್‌ಗೆ ಭಾಷೆ ಬಾರದಿದ್ದರೂ ಒಂದೇ ಮುದುಕಿ ಎರಡು ಕಡೆ ಇರುವುದು ಅರ್ಥವಾಗಿ, ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡ.

ಧ್ವನಿ ಮುಂದುವರಿಯಿತು. "ಇನ್ನೂ ಬಿಸಿಯಾಗಲಿಲ್ಲವಾ ಇದು? ಈ ಉದ್ದುದ್ದ ಅನ್ನ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ತಿಂದು ಕೈ ತೊಳೆಯುವಾಗಲೇ ಖಾಲಿ. ಹತ್ತು ಗಂಟೆಗೊಂದು ಗುಟುಕು ಗಂಜಿ ಇದ್ದಿದ್ದರೆ..." ಒಂದು ಆಕಳಿಕೆ. "ಹೇಳುವುದು ಹೇಗೆ? ಪಾಪ, ರಾಜೀವಿ ಕತ್ತಲೆಗೆ ಎದ್ದು ಎಲ್ಲ ಮಾಡಿಟ್ಟು ಕೆಲಸಕ್ಕೆ ಓಡ್ತಾಳೆ. ಮಗ ಹಾಡಿನ ಡಬ್ಬಿ ತಂದು ಕೊಟ್ಟ. ಇಷ್ಟು ಪ್ರೀತಿ ಮಾಡುವವರ ಹತ್ತಿರ ಹಸಿವು ಅಂತ ಹೇಳಿದರೆ ಅವರಿಗೆ ಬೇಜಾರು. ಊರಿಗೆ ಹೋದರೆ ಆಯ್ತು. ಪಂಪು ಅಂತ ಹೇಳುವುದು."

ಕ್ಲಿಕ್ ಎಂದಿತು. ಮೂರು ಮೂಲೆಯ ಗುಂಡಿ ಒತ್ತಿದ ಶಬ್ದ ಅದು. ಒಳಗೆ ಮುಂದಿನ ಭಜನೆ, ತಾಳ ಮೃದಂಗಗಳೊಡನೆ, ಉಲ್ಲಾಸದಿಂದ ಆರಂಭವಾಯಿತು.

"ಪಪ್ಪಾ," ಎಂದಳು ದೀಕ್ಷಿತಾ ಸಣ್ಣ ದನಿಯಲ್ಲಿ, "ದಿ ರೆಡ್ ಬಟನ್ ಈಸ್ ರೆಕಾರ್ಡ್. ಬದಿಯದ್ದು ಬೇಸ್ ಅಲ್ಲ. ರೆಕಾರ್ಡ್ ಮಾಡಿದ ಮಾತನ್ನು ಮಾತ್ರ ಸ್ಲೋ ಮಾಡುವುದು. ಈಗ ನೀವು ಒಳಗೆ ಒತ್ತಿದಾಗ ಅದು ಆಫ್ ಆಯ್ತು."

ಕರೆಂಟಿನ ಸಾಮಾನಿನ ವಿಷಯದಲ್ಲಿ ಮೋಹನದಾಸ ಏನೂ ಹೇಳದೆ ನಿಂತದ್ದನ್ನು ಆ ಕಟ್ಟಡ ಅಂದೇ ಮೊದಲು ಕಂಡದ್ದು.

ಜಲಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸೊಸೆಯ ಕಡೆ ನೋಡಿ, "ಅದು... ಯಾವತ್ತೋ ಒಂದು ದಿನ ಹೇಳಿದ್ದು ಮಗಳೇ. ದಿನಾಲೂ ಅಲ್ಲ," ಎಂದರು.

ಒಳಗೆ ಭಜನೆ ಮುಗಿಯಿತು. "ಬಡಾಪುಂಡು," ಎಂದಿತು ಇನ್ನೊಂದು ದಿನದ ಧ್ವನಿ.

ಮುಝಮ್ಮಿಲ್ ಮೆಲ್ಲನೆ ಕೋಣೆಯೊಳಗೆ ಹೋಗಿ, ಎಲೆಯನ್ನು ತುಳಿಯದ ಹಾಗೆ ಬಗ್ಗಿ, ಡಬ್ಬಿಯನ್ನು ಆರಿಸಿ ಬಂದ. ರಾಜೀವಿ ಎರಡೂ ಕೈಗಳನ್ನು ಕೆಳಗೆ ಬಿಟ್ಟು ನಿಂತಿದ್ದಳು. ಜಲಜಾಕ್ಷಿಗೂ ಸೊಸೆಗೂ ನಡುವೆ ಇದ್ದದ್ದು ನಾಲ್ಕು ಹೆಜ್ಜೆ ನೆಲ, ಅದನ್ನು ದಾಟುವುದು ಇಬ್ಬರಿಗೂ ಆಗಲಿಲ್ಲ.

ಫರ್ಝಾನ ಯಾವಾಗ ಹೊರಗೆ ಹೋದಳೆಂದು ಯಾರೂ ನೋಡಿರಲಿಲ್ಲ. ಪ್ಯಾಸೇಜಿನ ದೀಪ ಮತ್ತೆ ಹತ್ತಿಕೊಂಡಾಗಲೇ ಎಲ್ಲರೂ ತಿರುಗಿದ್ದು. ಅವಳು ಒಂದು ದೊಡ್ಡ ಸ್ಟೀಲಿನ ಬಟ್ಟಲನ್ನು ಮಡಚಿದ ಬಟ್ಟೆಯಲ್ಲಿ ಹಿಡಿದು ಬಂದಳು. ಅವರ ಮನೆಯ ರಾತ್ರಿಯ ಕುಚ್ಚಲಕ್ಕಿ ಗಂಜಿ. ಮುಚ್ಚಳದ ಮೇಲೆ ಸುಟ್ಟ ಒಣಮೀನು, ಒಂದು ಚೂರು ಉಪ್ಪಿನಕಾಯಿ. ಅವಳು ಅದನ್ನು ಜಲಜಾಕ್ಷಿಗೆ ಕೊಡಲಿಲ್ಲ. ಯಾರ ಮುಖವನ್ನೂ ನೋಡದೆ, ಬಟ್ಟೆಯ ಸಮೇತ ರಾಜೀವಿಯ ಕೈಯಲ್ಲಿ ಇಟ್ಟು, ಗಂಡನ ಹಿಂದೆ ಸರಿದು ನಿಂತಳು.

ರಾಜೀವಿ ನಾಲ್ಕು ಹೆಜ್ಜೆ ನಡೆದಳು. ಅತ್ತೆಯನ್ನು ಸೋಫಾದಲ್ಲಿ ಕೂರಿಸಿ, ಮುಚ್ಚಳ ತೆಗೆದು, ಬಿಸಿ ತಾಗದಂತೆ ಬಟ್ಟೆಯ ಅಂಚನ್ನು ಒಳಗೆ ಮಡಚಿ, ಬಟ್ಟಲನ್ನು ಅವರ ಎರಡೂ ಕೈಗಳಿಗೆ ಕೊಟ್ಟಳು.